ಗಜನಿಯ ಕಟ್ಟೆ ಮತ್ತು ಕಗ್ಗದ ಬತ್ತ

ಕಗ್ಗವೆಂದೊಡನೆ ನಮ್ಮ ಸಂಘದ ಬಹುಮಂದಿ ಸದಸ್ಯರಿಗೆ ಮಂಕುತಿಮ್ಮನೂ ಡಿ.ವಿ.ಜಿ.ಯವರೂ ನೆನಪಾಗುವುದು ಸಹಜವೇ. ಆದರೆ ಕುಮಟೆಯ ಕಡೆಯಿಂದ ಮುಂಬಯಿಗೆ ಬಂದು ನೆಲೆಸಿದ ನಮ್ಮಂಥವರ ಮನೆಗಳಲ್ಲಿ ಆ ಶಬ್ದಕ್ಕೆ ಇನ್ನೊಂದು ಅರ್ಥವುಂಟು. ಅಲ್ಲಿ ಕಗ್ಗವೆಂದರೆ ಒಂದು ಬತ್ತ. ಉಪ್ಪುನೀರನ್ನೂ ನೆರೆಯನ್ನೂ ತಾಳಿ ಬೆಳೆಯುವ, ಕೆಂಪಕ್ಕಿಯ, ದೊಡ್ಡ ಪೇಟೆಗಳಲ್ಲಿ ಹೆಸರಿಲ್ಲದ ಬತ್ತ. ಕದಂಬರ ಶಾಸನ, ಚಾಲುಕ್ಯರ ಗುಡಿ, ವಿಜಯನಗರದ ವೈಭವ ಇವುಗಳ ನಡುವೆ ಈ ಬಡ ಬತ್ತಕ್ಕೂ ರಾಜ್ಯೋತ್ಸವದ ಸಂಚಿಕೆಯಲ್ಲಿ ನಾಲ್ಕು ಪುಟ ಸಲ್ಲಬೇಕೆಂದು ಸಂಪಾದಕರನ್ನು ಕೇಳಿಕೊಂಡೆವು. ಅವರು ನಕ್ಕರು, ಆದರೆ ಒಪ್ಪಿದರು. ನೆಲವನ್ನು ಆಳಿದವರಿಗೆ ಚರಿತ್ರೆಯಿರುವಂತೆ ನೆಲವನ್ನು ನೀರಿನಿಂದ ಕಾಯ್ದವರಿಗೂ ಚರಿತ್ರೆಯಿದೆ.

ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಎತ್ತರದಿಂದ ಧುಮುಕಿ, ಘಟ್ಟವಿಳಿದು ಬರುವ ಅಘನಾಶಿನಿ ನದಿಯು ಕುಮಟೆ ತಾಲೂಕಿನಲ್ಲಿ ಸಮುದ್ರ ಸೇರುತ್ತದೆ. ಒಂದು ದಡದಲ್ಲಿ ತದಡಿ, ಇನ್ನೊಂದು ದಡದಲ್ಲಿ ನದಿಯ ಹೆಸರನ್ನೇ ಹೊತ್ತ ಅಘನಾಶಿನಿ ಗ್ರಾಮ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಬಂದಿತು. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾಗಳು ಬಂದವು. ಅಘನಾಶಿನಿಗೆ ಮಾತ್ರ ದೊಡ್ಡ ಅಣೆಕಟ್ಟು ಬರಲಿಲ್ಲ. ಇದರಿಂದ ಆದ ಲಾಭವನ್ನು ಅಳಿವೆಯಲ್ಲಿ ನಿಂತು ನೋಡಬೇಕು. ಶರಾವತಿಯಲ್ಲಿ ವಿದ್ಯುದಾಗಾರದಿಂದ ವರ್ಷವಿಡೀ ಸಿಹಿನೀರು ಹರಿದು ಬರುವುದರಿಂದ ಅಳಿವೆಯ ಉಪ್ಪು ಇಳಿದುಹೋಗಿ, ಉಪ್ಪು ಬೇಕಾದ ಮೀನು, ಬೆಳಚುಗಳು ಕಡಿಮೆಯಾದವು. ಅಘನಾಶಿನಿಯಲ್ಲಿ ಮಳೆಗಾಲಕ್ಕೆ ಸಿಹಿ, ಬೇಸಿಗೆಗೆ ಉಪ್ಪು ಎಂಬ ಹಳೆಯ ಕ್ರಮವು ಇಂದಿಗೂ ನಡೆದಿದೆ. ನಾವು ಹೇಳಹೊರಟಿರುವ ಬೇಸಾಯವು ನಿಂತಿರುವುದು ಈ ಕ್ರಮದ ಮೇಲೆಯೇ.

ನಮ್ಮ ಕರಾವಳಿಯ ರೈತನು ನೆಲಕ್ಕೆ ಇಡುವ ಹೆಸರುಗಳಲ್ಲಿಯೇ ನೀರಿನ ಲೆಕ್ಕವಿರುತ್ತದೆ. ಮಳೆಯನ್ನೇ ನಂಬಿದ ಎತ್ತರದ ಗದ್ದೆ ಮಕ್ಕಿ. ನೀರು ನಿಲ್ಲುವ ತಗ್ಗಿನ ಗದ್ದೆ ಬೈಲು. ಅದಕ್ಕೂ ತಗ್ಗಿನಲ್ಲಿ, ಅಳಿವೆಯ ಅಂಚಿನಲ್ಲಿ, ಉಬ್ಬರದ ಮಟ್ಟಕ್ಕಿಂತ ಕೆಳಗಿರುವ ನೆಲವು ಗಜನಿ. ಗೋವೆಯವರು ಇಂಥ ನೆಲವನ್ನೇ ಖಾಜಣ ಎನ್ನುತ್ತಾರೆ. ಮಾಣಿಕಟ್ಟಾ, ಹೆಗಡೆ, ಲುಕ್ಕೇರಿ, ಮಾಸೂರು, ಐಗಳಕುರ್ವೆ, ಕಾಗಾಲ ಎಂದು ಊರುಗಳ ಹೆಸರು ಹೇಳುತ್ತಾ ಹೋದರೆ ಮುಂಬಯಿಯ ಹಲವು ಮನೆಗಳಲ್ಲಿ ಯಾರಾದರೊಬ್ಬರು ತಲೆಯೆತ್ತಿ ನೋಡಿಯಾರು. ಕಟ್ಟೆಯೊಂದಿಲ್ಲದಿದ್ದರೆ ಈ ಗಜನಿಯು ದಿನಕ್ಕೆರಡು ಸಲ ಸಮುದ್ರದ ಪಾಲು.

ಬತ್ತದ ಸಸಿಗೆ ಉಪ್ಪು ವೈರಿಯೆಂಬುದು ಎಲ್ಲರೂ ಬಲ್ಲ ಮಾತು. ಎಳೆಯದಾಗಿರುವಾಗ ಮತ್ತು ಹೂ ಬಿಡುವಾಗಂತೂ ಅದು ಬಹು ಸೂಕ್ಷ್ಮ. ಹಾಗಿರುವಾಗ ಸಮುದ್ರದ ಬಾಯಲ್ಲಿ ಬತ್ತ ಬೆಳೆಯುವುದು ಹೇಗೆ? ಬೇಸಗೆಯ ಕೊನೆಗೆ ಗಜನಿಯೊಳಗಿನ ನೀರನ್ನು ಹೊರಗೆ ಬಿಟ್ಟು ನೆಲ ಒಣಗಿಸುತ್ತಾರೆ. ಮೊದಲ ಮಳೆಗಳು ಬಿದ್ದಾಗ ಮಣ್ಣಿನ ಉಪ್ಪು ಕರಗುತ್ತದೆ. ಆ ನೀರನ್ನು ಇಳಿತದ ಹೊತ್ತಿಗೆ ಹೊರಗೆ ಹರಿಸಿ, ಉಬ್ಬರದ ಹೊತ್ತಿಗೆ ದಾರಿ ಮುಚ್ಚಬೇಕು. ಹೀಗೆ ಕೆಲವು ದಿನ ಮಳೆಯೇ ನೆಲವನ್ನು ತೊಳೆಯುತ್ತದೆ. ನೀರು ತೆರೆದು ಮುಚ್ಚುವ ಬಾಗಿಲಿಗೆ ನಮ್ಮಲ್ಲಿ ಜಂತ್ರಡಿಯೆಂದು ಹೆಸರು. ಕಟ್ಟೆಯ ನಡುವೆ ಒಂದು ಕಂಡಿ, ಅದಕ್ಕೆ ಒಂದರ ಮೇಲೊಂದು ಇಳಿಸುವ ಹಲಗೆಗಳು, ಅಷ್ಟೇ. ಯಂತ್ರವೆಂದು ಹೇಳಿಕೊಳ್ಳುವಂಥದು ಅದರಲ್ಲಿ ಏನೂ ಇಲ್ಲ. ನಮ್ಮ ಹಿರಿಯರು ನೀರನ್ನು ಬೆರಳಲ್ಲಿ ಅದ್ದಿ ನಾಲಗೆಗೆ ತಾಕಿಸಿ, "ಇನ್ನೂ ಎರಡು ಮಳೆ ಆಗಲಿ" ಎಂದೋ "ಇನ್ನು ಬಿತ್ತಬಹುದು" ಎಂದೋ ಹೇಳುತ್ತಿದ್ದುದನ್ನು ಚಿಕ್ಕಂದಿನಲ್ಲಿ ಕಂಡಿದ್ದೇವೆ.

ಆಮೇಲೆ ನೆನೆಸಿ ಮೊಳಕೆ ಬರಿಸಿದ ಬೀಜವನ್ನು ಎರಚುತ್ತಾರೆ. ಕಗ್ಗವು ನೀರು ಏರಿದಂತೆ ತಾನೂ ಏರುವ ಜಾತಿ. ಬೆಳೆದು ನಿಂತಾಗ ಮನುಷ್ಯನ ಎತ್ತರಕ್ಕೆ ಹತ್ತಿರ ಬರುತ್ತದೆ. ನಡುವೆ ನೆರೆ ಬಂದು ಕೆಲವು ದಿನ ಮುಳುಗಿದರೂ ಸಾಯದು. ಉಬ್ಬರದೊಡನೆ ಸ್ವಲ್ಪ ಉಪ್ಪು ನುಸುಳಿದರೂ ಸಾಯದು. ಗೊಬ್ಬರ ಕೇಳದು, ಔಷಧ ಕೇಳದು. ನದಿ ತರುವ ಮೆಕ್ಕಲೇ ಅದಕ್ಕೆ ಆಹಾರ. ಮಳೆಗಾಲ ಮುಗಿದ ಮೇಲೆ ಸೊಂಟಮಟ್ಟದ ನೀರಿನಲ್ಲಿ ನಿಂತು ತೆನೆಯನ್ನಷ್ಟೇ ಕೊಯ್ದು ದೋಣಿಗೆ ಹಾಕುತ್ತಾರೆ. ಹುಲ್ಲು ಅಲ್ಲೇ ನಿಲ್ಲುತ್ತದೆ. ಹುಲ್ಲನ್ನು ಬಿಡುವುದು ಸೋಮಾರಿತನದಿಂದಲ್ಲ. ಕೊಯ್ಲಾದ ಮೇಲೆ ಜಂತ್ರಡಿಯ ಹಲಗೆ ತೆಗೆದು ಉಬ್ಬರವನ್ನು ಒಳಗೆ ಬಿಟ್ಟರೆ, ಅದರೊಡನೆ ಸಿಗಡಿಯ ಮರಿ, ಏಡಿ, ಕಾಗಳಸಿ ಎಲ್ಲವೂ ಬರುತ್ತವೆ. ಕೊಳೆಯುವ ಹುಲ್ಲೇ ಅವುಗಳ ಅನ್ನ. ಬೇಸಗೆ ಮುಗಿಯುವವರೆಗೆ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಇಳಿಯುವಾಗ ಜಂತ್ರಡಿಯ ಬಾಯಿಗೆ ಬಲೆ ಕಟ್ಟಿ ಹಿಡಿಯಬಹುದು. ಮತ್ತೆ ಮಳೆ ಬಂದಾಗ ಮೀನಿನ ಸಗಣಿ, ಕೊಳೆತ ಹುಲ್ಲು ಬತ್ತಕ್ಕೆ ಗೊಬ್ಬರ. ಒಂದೇ ನೆಲದಲ್ಲಿ ಆರು ತಿಂಗಳು ಅನ್ನ, ಆರು ತಿಂಗಳು ಮೀನು. ಇಳುವರಿ ಹೆಚ್ಚೆಂದು ನಾವು ಹೇಳುವುದಿಲ್ಲ. ಮೇಲಿನ ಗದ್ದೆಯ ಹೊಸ ತಳಿಗಳೊಡನೆ ಹೋಲಿಸಿದರೆ ಕಡಿಮೆಯೇ. ಆದರೆ ಮೇಲಿನ ಗದ್ದೆಯ ತಳಿಯನ್ನು ಗಜನಿಯಲ್ಲಿ ಬಿತ್ತಿದರೆ ಸಿಗುವ ಇಳುವರಿ ಸೊನ್ನೆಯೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಇಷ್ಟನ್ನು ಕೇಳಿದವರು ಬೀಜವನ್ನು ಹೊಗಳಿ ಸುಮ್ಮನಾಗುವುದುಂಟು. ನಮಗೆ ಆ ಹೊಗಳಿಕೆ ಅರ್ಧವೆನಿಸುತ್ತದೆ. ಬೀಜ ಎಷ್ಟೇ ಗಟ್ಟಿಯಾದರೂ ಕಟ್ಟೆ ಒಡೆದ ಗಜನಿಯಲ್ಲಿ ಅದು ನಿಲ್ಲದು. ಕಟ್ಟೆಯಾದರೋ ಒಬ್ಬನದಲ್ಲ. ಒಂದು ಗಜನಿಯಲ್ಲಿ ಹತ್ತಾರು ಮನೆಗಳ ಹಿಡುವಳಿ ಇರುತ್ತದೆ. ಸುತ್ತಲೂ ಕಟ್ಟೆ ಒಂದೇ, ಜಂತ್ರಡಿ ಒಂದೇ ಅಥವಾ ಎರಡು. ನನ್ನ ಪಾಲಿನ ಗದ್ದೆಗೆ ಬತ್ತ ಬಿತ್ತುವೆ, ನಿನ್ನ ಪಾಲಿಗೆ ಮೀನಿನ ನೀರು ಬಿಟ್ಟುಕೋ ಎಂದರೆ ನಡೆಯದು. ನೀರು ಪಹಣಿಯ ಗೆರೆಯನ್ನು ನೋಡಿ ನಿಲ್ಲುವುದಿಲ್ಲ. ಆದ್ದರಿಂದ ಹಲಗೆ ಯಾವ ದಿನ ಇಳಿಸಬೇಕು, ಯಾವ ದಿನ ಎತ್ತಬೇಕು, ಕುಸಿದ ಮೂಲೆಗೆ ಮಣ್ಣು ಯಾರು ಹೊರಬೇಕು ಎಂಬುದನ್ನು ಎಲ್ಲರೂ ಸೇರಿ ನಿಶ್ಚಯಿಸಬೇಕು. ಹಿಂದೆ ಅಳಿವೆಯ ಮಣ್ಣನ್ನೇ ಎತ್ತಿ ಪ್ರತಿವರ್ಷವೂ ಕಟ್ಟೆಯನ್ನು ಕಟ್ಟುತ್ತಿದ್ದರು. ಅಲೆ ಹೊಡೆಯುವ ಕಡೆ ಕಾಂಡ್ಲಗಿಡಗಳನ್ನು ಉಳಿಸಿಕೊಳ್ಳುತ್ತಿದ್ದರು, ಅವುಗಳ ಬೇರು ಕಟ್ಟೆಯನ್ನು ಹಿಡಿದಿಡುವುದರಿಂದ. ನಡುರಾತ್ರಿ ಕಟ್ಟೆ ಬಿರುಕು ಬಿಟ್ಟಿತೆಂದು ಕೂಗು ಕೇಳಿದರೆ ಯಾರ ಗದ್ದೆಯ ಬಳಿಯೆಂದು ವಿಚಾರಿಸದೆ ಓಡುವುದೇ ವಾಡಿಕೆ.

ಈ ಹಳೆಯ ಏರ್ಪಾಡನ್ನು ಸತ್ಯಯುಗದ್ದೆಂದು ಚಿತ್ರಿಸಲು ನಮಗೆ ಮನಸ್ಸಿಲ್ಲ. ಮಣ್ಣು ಹೊತ್ತವರಲ್ಲಿ ಹೆಚ್ಚಿನವರು ಹಾಲಕ್ಕಿಗಳು, ಪಟಗಾರರು, ಅಂಬಿಗರು ಮೊದಲಾದ ಗೇಣಿದಾರರು. ಭೂಮಿಯ ಒಡೆತನ ಬಹುತೇಕ ಬೇರೆಯವರದು. ಕಟ್ಟೆ ಒಡೆದರೆ ಮೊದಲು ಹಸಿಯುವವನು ಗೇಣಿದಾರ, ಆದರೂ ಗೇಣಿ ತಪ್ಪುತ್ತಿರಲಿಲ್ಲ. ನಮ್ಮ ಮುಂಬಯಿಯೊಡನೆ ನಿಕಟ ಸಂಬಂಧವಿದ್ದ ದಿನಕರ ದೇಸಾಯಿಯವರು, ಇಲ್ಲಿ ಭಾರತ ಸೇವಕ ಸಮಾಜದಲ್ಲಿದ್ದುಕೊಂಡು, ಅಲ್ಲಿ ರೈತಕೂಟವನ್ನು ಕಟ್ಟಿ ಈ ಅನ್ಯಾಯದ ವಿರುದ್ಧ ಹೋರಾಡಿ, ಜಿಲ್ಲೆಯಿಂದಲೇ ಗಡೀಪಾರಾದುದನ್ನು ಹಿರಿಯ ಸದಸ್ಯರು ಬಲ್ಲರು. ಚುಟುಕದ ಕವಿಯೆಂದು ಅವರನ್ನು ನೆನೆಯುವವರು ಬಹಳ. ಗೇಣಿದಾರರ ನಾಯಕನೆಂದು ನೆನೆಯುವವರು ಈಗ ಕಡಿಮೆ. 1974ರಲ್ಲಿ ಭೂಸುಧಾರಣೆಯ ಕಾಯಿದೆಗೆ ತಿದ್ದುಪಡಿಯಾಗಿ ಉಳುವವನಿಗೆ ನೆಲ ದೊರೆಯಿತು. ನ್ಯಾಯವೇ ಆಯಿತು. ಆದರೆ ಒಡೆಯನ ಹುಕುಮಿನಿಂದ ನಡೆಯುತ್ತಿದ್ದ ಕಟ್ಟೆಯ ಕೆಲಸವನ್ನು ಇನ್ನು ಮೇಲೆ ಸಣ್ಣಸಣ್ಣ ಹಿಡುವಳಿದಾರರು ತಮ್ಮೊಳಗೆ ಒಪ್ಪಂದ ಮಾಡಿಕೊಂಡು ನಡೆಸಬೇಕಾಯಿತು. ಈ ಒಪ್ಪಂದ ಗಟ್ಟಿಯಾಗುವ ಮೊದಲೇ ಬೇರೆರಡು ಸಂಗತಿಗಳು ನಡೆದುಹೋದವು.

ಮೊದಲನೆಯದು ಸರಕಾರದ ಕಲ್ಲುಕಟ್ಟೆ. ಇದರ ಬೇರು ನಾವಿರುವ ಊರಿನಲ್ಲಿಯೇ ಇದೆ. ಉತ್ತರ ಕನ್ನಡವು 1862ರಲ್ಲಿ ಮದರಾಸು ಇಲಾಖೆಯಿಂದ ಬೇರ್ಪಟ್ಟು ಮುಂಬಯಿ ಇಲಾಖೆಗೆ ಸೇರಿ, 1956ರ ನವೆಂಬರ 1ರವರೆಗೆ ಇಲ್ಲಿಂದಲೇ ಆಳಲ್ಪಟ್ಟಿತು. ನಮ್ಮ ಅಜ್ಜಂದಿರು ಹಡಗು ಹತ್ತಿ ಈ ಪಟ್ಟಣಕ್ಕೆ ಬಂದುದಕ್ಕೆ ಅದೂ ಒಂದು ಕಾರಣ; ಕಚೇರಿಯಿದ್ದ ಕಡೆ ನೌಕರಿಯೂ ಇರುತ್ತದಷ್ಟೆ. ಸಮುದ್ರದ ಉಪ್ಪಿನಿಂದ ಕೆಡುವ ಹೊಲಗಳಿಗೆ ಕಟ್ಟೆ ಕಟ್ಟಿಸಿಕೊಡುವ ಖಾರ್ ಲ್ಯಾಂಡ್ ಕಾಯಿದೆಯನ್ನು 1948ರಲ್ಲಿ ಮುಂಬಯಿ ಸರಕಾರವು ಮಾಡಿತು. ರಾಜ್ಯಗಳು ಬೇರೆಯಾದ ಮೇಲೂ ಆ ಹೆಸರು ನಮ್ಮ ಕರಾವಳಿಯಲ್ಲಿ ಉಳಿಯಿತು. ಇಂದಿಗೂ ಕುಮಟೆಯ ರೈತನು ಖಾರ್‌ಲ್ಯಾಂಡ್ ಕಟ್ಟೆಯೆಂದೇ ಹೇಳುತ್ತಾನೆ. 1960 ಮತ್ತು 70ರ ದಶಕಗಳಲ್ಲಿ ಅಘನಾಶಿನಿಯ ಗಜನಿಗಳಿಗೆ ಚಿರೆಕಲ್ಲಿನ ಕಾಯಂ ಕಟ್ಟೆಗಳು ಬಂದವು. ಪ್ರತಿವರ್ಷ ಮಣ್ಣು ಹೊರುವ ಕಷ್ಟ ತಪ್ಪಿತೆಂದು ಜನರು ಸಂತೋಷಪಟ್ಟುದು ಸಹಜ. ಆದರೆ ಕಷ್ಟದೊಡನೆ ವರ್ಷಕ್ಕೊಮ್ಮೆ ಎಲ್ಲರೂ ಕಟ್ಟೆಯ ಮೇಲೆ ಸೇರುವ ಕಾರಣವೂ ತಪ್ಪಿತು. ಮಣ್ಣಿನ ಕಟ್ಟೆ ಊರಿನದಾಗಿತ್ತು. ಕಲ್ಲಿನ ಕಟ್ಟೆ ಸರಕಾರದ್ದಾಯಿತು. ಕಲ್ಲು ಕುಸಿದಾಗ ಅರ್ಜಿ ಬರೆಯುವುದೇ ಕೆಲಸವಾಯಿತು.

ಎರಡನೆಯದು ಸಿಗಡಿಯ ಬೆಲೆ. ಪರದೇಶದ ಪೇಟೆಯಲ್ಲಿ ಸಿಗಡಿಗೆ ಬೆಲೆ ಏರಿದಂತೆ ಗಜನಿಯ ಮೀನಿನ ಹಕ್ಕನ್ನು ಗುತ್ತಿಗೆಗೆ ಕೊಡುವುದು ಲಾಭದ ದಾರಿಯಾಯಿತು. ಗುತ್ತಿಗೆದಾರನಿಗೆ ಬತ್ತದ ಚಿಂತೆಯಿಲ್ಲ. ಬೇಸಗೆಯ ಕೊನೆಗೆ ಮುಚ್ಚಬೇಕಾದ ಹಲಗೆ ತೆರೆದೇ ಉಳಿದರೆ ಅವನಿಗೆ ಇನ್ನಷ್ಟು ಮೀನು. ರೈತನಿಗೆ ಆ ವರ್ಷದ ಬಿತ್ತನೆಯಿಲ್ಲ. 1990ರ ದಶಕದಲ್ಲಿ ಕೊಳ ತೋಡಿ, ಆಹಾರ ಹಾಕಿ ಸಿಗಡಿ ಸಾಕುವ ಹುಚ್ಚು ಕರಾವಳಿಯಲ್ಲೆಲ್ಲಾ ಹಬ್ಬಿತು. 1994ರ ಕೊನೆಯಿಂದ ಬಿಳಿಚುಕ್ಕೆ ರೋಗ ಬಂದು ದೇಶದ ಸಿಗಡಿ ಕೊಳಗಳು ಒಂದೊಂದಾಗಿ ಕೆಟ್ಟವು. 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕರಾವಳಿ ವಲಯದಲ್ಲಿ ಸಾಂಪ್ರದಾಯಿಕ ಪದ್ಧತಿಯ ಹೊರತು ಬೇರೆ ಸಿಗಡಿ ಕೃಷಿಯನ್ನು ನಿಷೇಧಿಸಿ ತೀರ್ಪು ಕೊಟ್ಟಿತು. ಸಾಹುಕಾರರು ಹೋದರು. ಕುಸಿದ ಕಟ್ಟೆ, ಉಪ್ಪು ಹೀರಿದ ನೆಲ ಉಳಿದವು. ಬೀಜವೂ ಬಹುತೇಕ ಹೋಯಿತು. ಬತ್ತದ ಬೀಜವನ್ನು ಕರಾವಳಿಯ ತೇವದಲ್ಲಿ ಒಂದೆರಡು ವರ್ಷ ಬಿತ್ತದೆ ಇಟ್ಟರೆ ಅದು ಮೊಳೆಯುವುದನ್ನೇ ಮರೆಯುತ್ತದೆ.

ಇಲ್ಲಿ ನಾವೂ ಒಂದು ತಪ್ಪೊಪ್ಪಿಗೆ ಮಾಡಬೇಕಾಗಿದೆ. ಗುತ್ತಿಗೆಯ ಕಾಗದಕ್ಕೆ ಸಹಿ ಮಾಡಿದವರೆಲ್ಲ ಊರಿನಲ್ಲಿದ್ದವರಲ್ಲ. ಮುಂಬಯಿ, ಪುಣೆ, ಹುಬ್ಬಳ್ಳಿಗಳಲ್ಲಿದ್ದ ನಾವು, ಪಾಲಿಗೆ ಬಂದ ಹತ್ತಿಪ್ಪತ್ತು ಗುಂಟೆಯನ್ನು ಮರೆತೇಬಿಟ್ಟಿದ್ದ ನಾವು, ವರ್ಷಕ್ಕೊಮ್ಮೆ ಬರುವ ಅಲ್ಪ ಹಣವನ್ನು ದೇವರ ಕಾಣಿಕೆಗೆ ಆಯಿತೆಂದು ತೆಗೆದುಕೊಂಡು ಸಹಿ ಹಾಕಿ ಕಳುಹಿಸಿದೆವು. ಉಳುವವನು ಬೇಡವೆಂದರೂ ದೂರದ ಪಾಲುದಾರನು ಹೂಂ ಎಂದನು.

ಕಟ್ಟೆಯ ಬೆಲೆ ನಮಗೆ ತಿಳಿದದ್ದು ಮುಂಬಯಿಯಲ್ಲಿಯೇ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದಾಗ ನಮ್ಮಲ್ಲಿ ಎಷ್ಟೋ ಮಂದಿ ಕುರ್ಲಾ, ಸಾಯನ್, ಕಲೀನಾಗಳಲ್ಲಿ ಎದೆಮಟ್ಟದ ನೀರಿನಲ್ಲಿ ರಾತ್ರಿ ಕಳೆದೆವು. ಮೀಠಿ ನದಿಗೆ ಹರಡಲು ಜಾಗವಿರಲಿಲ್ಲ. ಅದರ ಕಾಂಡ್ಲವನ, ಜೌಗುಗಳ ಮೇಲೆ ನಗರವೇ ಕುಳಿತಿತ್ತು. ಆ ರಾತ್ರಿ ಜೊತೆಗಿದ್ದ ಹಿರಿಯರೊಬ್ಬರು, "ಇದಕ್ಕೊಂದು ಗಜನಿ ಇದ್ದಿದ್ದರೆ!" ಎಂದರು. ಮಾತು ಹಾಸ್ಯದಂತೆ ಕಂಡರೂ ಲೆಕ್ಕ ಸರಿಯಾಗಿತ್ತು. ಮಳೆಗಾಲದಲ್ಲಿ ನದಿ ಉಕ್ಕಿದಾಗ ಗಜನಿಯ ಬಯಲು ಆ ನೀರನ್ನು ಹರವಿಕೊಂಡು, ಇಳಿತದ ಹೊತ್ತಿಗೆ ಮೆಲ್ಲಗೆ ಸಮುದ್ರಕ್ಕೆ ಬಿಡುತ್ತದೆ.

ಇದೇ ನೀರು ಈಗ ಊರಿನಲ್ಲಿಯೂ ಬೇರೆ ರೀತಿಯಾಗಿ ವರ್ತಿಸುತ್ತಿದೆ. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈಯಲ್ಲಿ ಉತ್ತರ ಕನ್ನಡದ ನದಿಗಳು ಉಕ್ಕಿ ದಂಡೆಯ ಊರುಗಳನ್ನು ಮುಳುಗಿಸಿದವು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತವು ಕರಾವಳಿಯನ್ನು ಸವರಿಕೊಂಡೇ ಗುಜರಾತಿನತ್ತ ಹೋಯಿತು. 1901ರಿಂದ 2018ರೊಳಗೆ ಜಗತ್ತಿನ ಸಮುದ್ರಮಟ್ಟವು ಸರಾಸರಿ 20 ಸೆಂಟಿಮೀಟರು ಏರಿದೆಯೆಂದು, ಏರುವ ವೇಗವೂ ಹೆಚ್ಚುತ್ತಿದೆಯೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ನಮ್ಮ ಅಳತೆಯಲ್ಲಿ ಅದು ಹತ್ತಿರ ಹತ್ತಿರ ಒಂದು ಗೇಣು. ದಿಲ್ಲಿಯವರಿಗೆ ಒಂದು ಗೇಣು ಅಲ್ಪವೆನಿಸೀತು. ಹುಣ್ಣಿಮೆಯ ಉಬ್ಬರ ಕಟ್ಟೆಯ ನೆತ್ತಿಗೆ ಬಂದು ನಿಂತಿರುವಾಗ ಇನ್ನೊಂದು ಗೇಣೆಂದರೇನೆಂಬುದನ್ನು ಗಜನಿಯವರನ್ನು ಕೇಳಬೇಕು.

ಬಂಗಾಲದ ಸುಂದರಬನದಲ್ಲಿ ನಡೆದುದನ್ನು ಇಲ್ಲಿ ನೆನೆಯಬಹುದು. 2009ರ ಮೇ ತಿಂಗಳಲ್ಲಿ ಐಲಾ ಚಂಡಮಾರುತವು ಅಲ್ಲಿಯ ಮಣ್ಣಿನ ಕಟ್ಟೆಗಳನ್ನು ಒಡೆದು ಗದ್ದೆಗಳಿಗೆ ಸಮುದ್ರವನ್ನು ನುಗ್ಗಿಸಿತು. ಹೊಸ ತಳಿಗಳು ಆ ನೆಲದಲ್ಲಿ ಏಳಲಿಲ್ಲ. ಉಪ್ಪು ತಾಳುವ ಅಜ್ಜನ ಕಾಲದ ಬತ್ತಕ್ಕಾಗಿ ರೈತರು ಹುಡುಕಿದಾಗ ಹೆಚ್ಚಿನ ಮನೆಗಳಲ್ಲಿ ಅದು ಉಳಿದಿರಲಿಲ್ಲ. ಹಳೆಯ ಬೀಜಗಳನ್ನು ಕೂಡಿಟ್ಟುಕೊಂಡಿದ್ದ ಕೆಲವರಿಂದ ಹಿಡಿ ಹಿಡಿಯಾಗಿ ಪಡೆದು ಮತ್ತೆ ಬೆಳೆಸಬೇಕಾಯಿತು. ಕೇರಳದವರು ಈ ವಿಷಯದಲ್ಲಿ ಮೊದಲೇ ಎಚ್ಚತ್ತಿದ್ದರು. ಎರ್ನಾಕುಲಮ್ಮಿನ ಕಡೆಯ ಪೊಕ್ಕಾಳಿಯು ನಮ್ಮ ಕಗ್ಗದ ದಾಯಾದಿ. ಅಲ್ಲಿಯೂ ಮಳೆಗಾಲಕ್ಕೆ ಬತ್ತ, ಬೇಸಗೆಗೆ ಸಿಗಡಿ. ಗದ್ದೆಯಲ್ಲಿ ಮಣ್ಣಿನ ಗುಪ್ಪೆಗಳನ್ನು ಮಾಡಿ, ಮಳೆಗೆ ಉಪ್ಪು ತೊಳೆದ ಮೇಲೆ ಅವುಗಳ ನೆತ್ತಿಯಲ್ಲಿ ಬಿತ್ತುವುದು ಅವರ ಕ್ರಮ. ಅದಕ್ಕಾಗಿಯೇ ವೈಟ್ಟಿಲದಲ್ಲಿ ಸಂಶೋಧನಾ ಕೇಂದ್ರವಿದೆ. 2008ರಲ್ಲಿ ಭೌಗೋಳಿಕ ಗುರುತೂ ದೊರೆಯಿತು. ಉಪ್ಪು ತಾಳುವ ಹೊಸ ತಳಿಗಳನ್ನು ರೂಪಿಸುವಾಗ ಜಗತ್ತಿನ ವಿಜ್ಞಾನಿಗಳು ಬಳಸಿದ ಮುಖ್ಯ ಗುಣಾಣುವು ಈ ಪೊಕ್ಕಾಳಿಯಿಂದಲೇ ಬಂದದ್ದು. ಹಾಗೆಯೇ ನೆರೆಯಲ್ಲಿ ಮುಳುಗಿ ಬದುಕುವ ಸ್ವರ್ಣ-ಸಬ್1 ಎಂಬ ತಳಿಯು 2009ರಲ್ಲಿ ನಮ್ಮ ದೇಶದ ರೈತರಿಗೆ ದೊರೆತದ್ದೂ ಒಡಿಸ್ಸಾದ ಒಂದು ಹಳೆಯ ನಾಟಿ ಬತ್ತದ ಕೃಪೆಯಿಂದ. ಪ್ರಯೋಗಶಾಲೆಯು ದೊಡ್ಡದು, ಒಪ್ಪೋಣ. ಆದರೆ ಅದರ ಕಣಜವನ್ನು ಮೊದಲು ತುಂಬಿದವರು ಗದ್ದೆಯವರು.

ಅಘನಾಶಿನಿಯಲ್ಲಿ ಕಗ್ಗವು ಪೂರ್ತಿಯಾಗಿ ಅಳಿಯಲಿಲ್ಲ. ಮಾಣಿಕಟ್ಟೆಯ ರೈತರು ಒಂದು ಸಂಘವಾಗಿ ಕೂಡಿ, ಗಜನಿಯನ್ನು ಒಟ್ಟಾಗಿ ಬಿತ್ತಿ, ಬೀಜವನ್ನು ಉಳಿಸಿಕೊಂಡು, ಕೇಳಿದವರಿಗೂ ಕೊಡುತ್ತಾ ಬಂದಿದ್ದಾರೆ. ಅವರ ಹಾದಿಯಲ್ಲಿ ನಮಗೆ ಹಿಡಿಸಿದ್ದು ಇದು: ಅವರು ಮೊದಲು ಬೀಜವನ್ನಲ್ಲ, ಒಪ್ಪಂದವನ್ನು ಹುಡುಕಿದರು. ಯಾರ ಪಾಲು ಎಷ್ಟಾದರೂ ಹಲಗೆಯ ಮಾತಿನಲ್ಲಿ ಎಲ್ಲರದೂ ಒಂದೇ ನಿರ್ಧಾರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಅಳಿವೆಯನ್ನು ಅನೇಕ ವರ್ಷ ಅಭ್ಯಾಸ ಮಾಡಿ, ಇದರ ಮೀನು, ಬೆಳಚು, ಕಾಂಡ್ಲ, ಗಜನಿಗಳ ಬೆಲೆಯನ್ನು ಬರೆದಿಟ್ಟಿದ್ದಾರೆ. 2024ರಲ್ಲಿ ಅಳಿವೆಯ 4801 ಹೆಕ್ಟೇರು ಪ್ರದೇಶವು ರಾಮ್ಸಾರ್ ಪಟ್ಟಿಗೆ ಸೇರಿತು. ಮರ್ಯಾದೆ ದೊಡ್ಡದೇ. ಆದರೂ ಪಟ್ಟಿಯು ಹಲಗೆ ಇಳಿಸಲಾರದು, ಕುಸಿದ ಮೂಲೆಗೆ ಕಲ್ಲು ಹೊರಲಾರದು. ಕಲ್ಲು ಹೊರುವ ಹುಡುಗರಲ್ಲಿ ಅರ್ಧ ಮಂದಿ ಗೋವೆಯಲ್ಲೋ ಮಂಗಳೂರಿನಲ್ಲೋ ಇದ್ದಾರೆ; ಅವರ ಅಜ್ಜಂದಿರ ಅಣ್ಣತಮ್ಮಂದಿರ ಮಕ್ಕಳು ನಾವು ಇಲ್ಲಿದ್ದೇವೆ.

ಹೋದ ವರ್ಷ ನಮ್ಮ ಮನೆತನದ ಗಜನಿಯ ಪಹಣಿಯನ್ನು ತೆಗೆಸಿ ನೋಡಿದೆವು. ಅದರಲ್ಲಿ ಹದಿನಾಲ್ಕು ಹೆಸರುಗಳಿದ್ದವು. ಇಬ್ಬರು ಸತ್ತು ಬಹುಕಾಲವಾಗಿದೆ, ಅವರ ಮಕ್ಕಳ ಹೆಸರು ಇನ್ನೂ ಏರಿಲ್ಲ. ಊರಲ್ಲಿರುವವರು ನಾಲ್ವರು. ಉಳಿದವರು ಮುಂಬಯಿ, ಠಾಣೆ, ಪುಣೆಗಳಲ್ಲಿ, ಒಬ್ಬಳು ಹೈದರಾಬಾದಿನಲ್ಲಿ. ಊರಿನ ಚಿಕ್ಕಪ್ಪನವರಿಗೆ ಕಾಗದ ಬರೆದು, ಬಿತ್ತಲು ಸಾಧ್ಯವೇ ಎಂದು ಕೇಳಿದೆವು. ಅವರ ಉತ್ತರ ಉದ್ದವಾಗಿಯೇ ಬಂದಿತು. ಮಾಣಿಕಟ್ಟೆಯಿಂದ ಬೀಜ ತರಬಹುದು, ಅದಕ್ಕೆ ಚಿಂತೆಯಿಲ್ಲ. ಬಡಗಣ ಮೂಲೆಯಲ್ಲಿ ಕಟ್ಟೆ ಎರಡು ಮಾರು ಕುಸಿದಿದೆ, ಅದನ್ನು ಮಳೆಗೆ ಮುಂಚೆ ಕಟ್ಟಬೇಕು. ಕಲ್ಲಿನ ಖರ್ಚನ್ನು ನೀವು ಹೊರಗಿನವರು ಹಂಚಿಕೊಂಡರೆ ಆಳಿನ ಕೆಲಸವನ್ನು ನಾವು ನೋಡಿಕೊಳ್ಳುತ್ತೇವೆ. ಎಲ್ಲಕ್ಕಿಂತ ಮೊದಲು ಮೀನಿನ ಗುತ್ತಿಗೆಯವನು ಏಪ್ರಿಲ್ ಕೊನೆಗೆ ಹಲಗೆ ಇಳಿಸಲೇಬೇಕೆಂಬ ಷರತ್ತಿನ ಕಾಗದಕ್ಕೆ ಎಲ್ಲ ಪಾಲುದಾರರ ಸಹಿ ಬೇಕು, ಒಬ್ಬರದು ಕಡಿಮೆಯಾದರೂ ಅವನು ಕೇಳುವುದಿಲ್ಲ ಎಂದು ಬರೆದಿದ್ದರು.

ಕಾಗದವು ಮಾಟುಂಗದಿಂದ ಹೊರಟು ಠಾಣೆ, ಹೈದರಾಬಾದುಗಳನ್ನು ಸುತ್ತಿ ಬಂದಿದೆ. ಸತ್ತವರ ಮಕ್ಕಳೂ ಸಹಿ ಹಾಕಿದ್ದಾರೆ. ಪುಣೆಯ ಇಬ್ಬರದು ಮಾತ್ರ ಇನ್ನೂ ಬರಬೇಕು. ಈ ಸಂಚಿಕೆಯ ಒಂದು ಪ್ರತಿಯನ್ನು ಅವರಿಗೂ ಕಳುಹಿಸುತ್ತಿದ್ದೇವೆ.